ನಾನು ಹರಿಯಬಿಡದ ನೀರು

ನೀರು ಬಿಟ್ಟಿರಲಿಲ್ಲ — ನಾನು. ಬಿಟ್ಟಿದ್ದೇನೆ ಎಂದು ಹೇಳಿದೆ. ಹೇಳಿದ ಮೇಲೆ ತಪ್ಪು ಇನ್ನೊಬ್ಬನ ತಲೆಯ ಮೇಲೆ ಬಿತ್ತು, ಬೀಳುವುದನ್ನು ನೋಡುತ್ತ ಸುಮ್ಮನೆ ಕೂತೆ. ಆತ ಮಲ್ಲಣ್ಣ, ನಮ್ಮ ಆಸ್ಪತ್ರೆಯ ಪ್ಲಂಬರ್. ನಾನು ರೇಣುಕಾ, ಅದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು — ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಈ ಕೊನೆಯ ಮಾತನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ತಪ್ಪೊಪ್ಪಿಗೆಯಲ್ಲಿ ಹೆಮ್ಮೆ ಯಾಕೆ ಎಂದು ನೀವು ಕೇಳಬಹುದು. ಅಂದು ನನ್ನ ಬಾಯಿ ಮುಚ್ಚಿಸಿದ್ದೇ ಆ ಹೆಮ್ಮೆ. ಅದನ್ನು ಬಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಮತ್ತೆ ಅರ್ಧ ಸುಳ್ಳಾಗುತ್ತದೆ.

ಅಳುತ್ತ ಬರೆಯುತ್ತಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಯಾರೂ ಸಾಯಲಿಲ್ಲ. ಪುಣೆ ಹತ್ತಿರದ ಸಾಸವಡದ ಒಂದು ಅಂಗಳದಲ್ಲಿ ಉಂಡ ಹೋಳಿಗೆಯ ತುಪ್ಪ ಇನ್ನೂ ಬೆರಳಿಗೆ ಹತ್ತಿಕೊಂಡಂತೆ ಇದೆ. ಇಷ್ಟು ಹಗುರಾಗಿ ನಾನು ಎಷ್ಟೋ ವರ್ಷ ನಡೆದಿರಲಿಲ್ಲ.

ನಾವು ಯಾದಗಿರಿ ಕಡೆಯವರು. ನಾನು ಬೆಳೆದದ್ದು ಪುಣೆಯಲ್ಲಿ, ಅರ್ಧ ಕಟ್ಟಿದ ಬಿಲ್ಡಿಂಗುಗಳ ಕಾಲಬುಡದಲ್ಲಿ. ಅಪ್ಪ ಸೆಂಟ್ರಿಂಗ್ ಕೆಲಸಕ್ಕೆ, ಅವ್ವ ಇಟ್ಟಂಗಿ ಹೊರಲಿಕ್ಕೆ. ಸೈಟಿನ ಮೂಲೆಯಲ್ಲಿ ನಮ್ಮ ತಗಡಿನ ಶೆಡ್ಡು. ಇಷ್ಟು ಮನೆ ಕಟ್ಟಿದೆವು, ಒಂದು ಮನೆಯ ನಳದಿಂದಲೂ ನೀರು ಕುಡಿಯಲಿಲ್ಲ — ನಳ ಕೂಡಿಸುವ ಹೊತ್ತಿಗೆ ನಮ್ಮ ಶೆಡ್ಡು ಕಿತ್ತು ಮುಂದಿನ ಸೈಟಿಗೆ ಹೋಗಿರುತ್ತಿತ್ತು. ಟ್ಯಾಂಕರ್ ಬರುತ್ತಿತ್ತು, ಆದರೆ ಅದು ಹಸಿ ಕಾಂಕ್ರೀಟಿಗೆ ಹೊಡೆಯಲಿಕ್ಕೆ. ಮೊದಲು ಬಿಲ್ಡಿಂಗ್ ಕುಡಿಯುತ್ತಿತ್ತು, ಉಳಿದರೆ ನಾವು.

ಹಾಗಾಗಿ ನೀರಿನ ವಿಷಯದಲ್ಲಿ ಅವ್ವನದು ಬೇರೆಯದೇ ಕಾನೂನು. ಹಾಲು ಚೆಲ್ಲಿದರೆ ಸುಮ್ಮನಿರುತ್ತಿದ್ದಳು, ನೀರು ಚೆಲ್ಲಿದರೆ ಬೆನ್ನ ಮೇಲೆ ಬೀಳುತ್ತಿತ್ತು. ರಸ್ತೆಯಲ್ಲಿ ಹೋಗುವಾಗ ಯಾರದೋ ಅಂಗಳದಲ್ಲಿ ನಳ ಸೋರುತ್ತಿದ್ದರೆ ಗೇಟು ತೆಗೆದು ಒಳಗೆ ಹೋಗಿ ಬಂದ್ ಮಾಡಿ ಬರುತ್ತಿದ್ದಳು. ಮನೆಯವರು ಕಳ್ಳಿ ಎಂದು ಕೂಗಿದರೆ, "ಕಳ್ಳರಾದ್ರ ನೀರು ಒಯ್ತಾರ, ಬಂದ್ ಮಾಡ್ತಾರೇನು?" ಎಂದು ಕನ್ನಡದಲ್ಲೇ ಕೇಳುತ್ತಿದ್ದಳು. ಆ ಮರಾಠಿ ಮನೆಯವರಿಗೆ ಏನು ತಿಳಿಯಬೇಕು.

ನಾಲ್ಕನೇ ಇಯತ್ತೆಯವರೆಗೆ ಕನ್ನಡ ಶಾಲೆ, ಆಮೇಲೆ ಮರಾಠಿ, ಆಮೇಲೆ ತಡವರಿಸುತ್ತ ಇಂಗ್ಲಿಷ್ — ಹೀಗೆ ಮೂರು ಭಾಷೆಯ ಗೋಡೆ ಹಾರಿ ಮೈಕ್ರೋಬಯಾಲಜಿಯಲ್ಲಿ ಬಿ.ಎಸ್ಸಿ. ಮುಗಿಸಿದೆ. ಫಲಿತಾಂಶ ಬಂದ ದಿನ ಅಪ್ಪ ಇಡೀ ಸೈಟಿಗೆ ಪೇಢೆ ಹಂಚಿದ, ಕ್ರೇನಿನವನನ್ನು ಕೆಳಗಿಳಿಸಿ ಅವನ ಬಾಯಿಗೂ ಇಟ್ಟ. ಸುಪರ್‌ವೈಜರ್ ಕೇಳಿದ, "ಏನಪ್ಪಾ, ಮಗಳ ಲಗ್ನ ಗೊತ್ತಾತೇನು?" ಅಪ್ಪ ಎದೆ ಮುಂದೆ ಮಾಡಿ, "ಲಗ್ನ ಯಾರಿಗರೆ ಆಗತದ್ರೀ. ನನ್ನ ಮಗಳಿಗೆ ಮೈಕ್ರೋ... ಹುಳದ ಡಿಗ್ರಿ ಆಗೇದ್ರೀ" ಅಂದ. ಆವತ್ತಿನ ಅಪ್ಪನ ಮುಖ ನೆನಪಾದರೆ ಈಗಲೂ ಒಬ್ಬಳೇ ನಗುತ್ತೇನೆ.

ಪುಣೆಯಲ್ಲೇ, ಧನಕವಡಿ ಕಡೆಯ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮಲ್ಲಣ್ಣ ಸಿಕ್ಕಿದ್ದು ಅಲ್ಲೇ, ಮೊದಲ ವಾರ. ನಮ್ಮ ಪ್ರಯೋಗಾಲಯದ ಬೇಸಿನ್ ಕೆಳಗೆ ಅರ್ಧ ದೇಹ ತೂರಿಸಿ ಮಲಗಿಕೊಂಡಿದ್ದ. ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡುವುದನ್ನು ಕೇಳಿ ಒಳಗಿನಿಂದಲೇ ಕೂಗಿದ: "ಯವ್ವಾ, ನೀ ನಮ್ಮಾಕಿ ಏನ?" ಅಕ್ಕಲಕೋಟೆ ಕಡೆಯವ. ಕನ್ನಡದಲ್ಲಿ ಶುರುಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುತ್ತಿದ್ದ. ನನಗೆ ಆವತ್ತೇ ಹೆಸರಿಟ್ಟ — ಗ್ರ್ಯಾಜುಯೇಟ್ ಬಾಯಿ. ದಿನಾ ಮಧ್ಯಾಹ್ನ ಬಾಗಿಲಲ್ಲಿ ತಲೆ ಹಾಕಿ, "ಗ್ರ್ಯಾಜುಯೇಟ್ ಬಾಯಿ, ನಿನ್ನ ಹುಳಗೋಳು ಉಂಡ್ವಿಲ್ಲೊ? ಉಂಡಿದ್ರ ನಾವೂ ಉಣ್ಣೋಣು" ಎನ್ನುತ್ತಿದ್ದ. ಅವನ ಡಬ್ಬಿಯ ಶೇಂಗಾ ಚಟ್ನಿ, ನನ್ನ ಡಬ್ಬಿಯ ಪುಂಡಿಪಲ್ಯ.

ಅವನು ದೊಡ್ಡ ಕೆಲಸಗಾರನೇನಲ್ಲ. ಏನು ಹೇಳಿದರೂ "ಉದ್ಯಾ" — ನಾಳೆ — ಎನ್ನುವವ. ಸೋರುವ ನಳದ ಕೆಳಗೆ ಬಕೀಟು ಇಟ್ಟು, ಬಕೀಟು ತುಂಬಿದ ಮೇಲೆ ನೋಡೋಣ ಎನ್ನುವವ. ಎಲ್ಲರಿಗೂ ಅವನ ಮೇಲೆ ಸಿಟ್ಟಿತ್ತು, ಎಲ್ಲರಿಗೂ ಅವನು ಬೇಕಾಗಿದ್ದ.

ಆಸ್ಪತ್ರೆಗೆ ಹೊಸದೊಂದು ಅಂತಸ್ತು ಕಟ್ಟಿದರು. ಖಾಸಗಿ ಖೋಲಿಗಳು, ಪ್ರತಿಯೊಂದಕ್ಕೂ ಬಚ್ಚಲು, ಷವರು. ಯಾವುದೋ ಪರವಾನಗಿ ಬರುವುದು ತಡವಾಗಿ ಆ ಅಂತಸ್ತು ತಿಂಗಳುಗಟ್ಟಲೆ ಖಾಲಿ ಉಳಿಯಿತು. ಪೈಪುಗಳಲ್ಲಿ ಮಾತ್ರ ನೀರು ತುಂಬಿತ್ತು.

ನಿಂತ ನೀರಿನಲ್ಲಿ ಲೀಜನೆಲ್ಲಾ ಎನ್ನುವ ಒಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ. ಪೈಪಿನ ಒಳಮೈಗೆ ಲೋಳೆಯಂತೆ ಹತ್ತಿಕೊಂಡು, ಉಗುರುಬೆಚ್ಚಗಿದ್ದರೆ ಸುಖವಾಗಿ ಹೆಚ್ಚುತ್ತದೆ. ಸಾಮಾನ್ಯವಾಗಿ ಅದು ಕುಡಿದರೆ ಕಾಡುವುದಲ್ಲ; ಷವರಿನ ತುಂತುರಿನಲ್ಲಿ ಉಸಿರಿನ ಜೊತೆ ಒಳಗೆ ಹೋದರೆ ಪುಪ್ಪುಸ ಹಿಡಿಯುತ್ತದೆ. ಗಟ್ಟಿ ಇದ್ದವರು ಹೆಚ್ಚಾಗಿ ತಡೆದುಕೊಳ್ಳುತ್ತಾರೆ. ಆಸ್ಪತ್ರೆಗೆ ಬರುವವರು ಗಟ್ಟಿ ಇದ್ದವರಲ್ಲವಲ್ಲ. ಉಪಾಯ ಬಹಳ ಸರಳ — ಬಳಸದ ಪ್ರತಿ ನಳವನ್ನೂ ಷವರನ್ನೂ ವಾರಕ್ಕೊಮ್ಮೆ ಪೂರಾ ತೆರೆದು ಐದು ನಿಮಿಷ ಹರಿಯಬಿಡಬೇಕು. ಆ ಕೆಲಸ ನನ್ನದು. ಹುಳದ ಡಿಗ್ರಿ ಇದ್ದವಳು ನಾನೇ ತಾನೇ.

ಮೊದಲ ವಾರ ಹೋದೆ. ಹೊಸ ಟೈಲ್ಸಿನ ವಾಸನೆ. ನಳ ತಿರುವಿದೆ. ನೀರು ಬಂತು — ಎಂಥ ನೀರು! ಕಣ್ಣೀರಿನಷ್ಟು ತಿಳಿ. ಸೀದಾ ಹೋಗಿ ಗಟಾರಕ್ಕೆ. ನನ್ನ ಕೈ ತಾನಾಗಿ ಮುಂದೆ ಹೋಗಿ ಬಂದ್ ಮಾಡಿತು. ಮತ್ತೆ ತೆರೆದೆ, ಮತ್ತೆ ಕೈ ಹೋಯಿತು. ಓದಿದ್ದು ತಲೆಯಲ್ಲಿತ್ತು, ಕೈ ಅವ್ವನದಾಗಿತ್ತು. ನೀರು ಬಂತಲ್ಲ, ತಿಳಿ ಇದೆಯಲ್ಲ, ಸಾಕು — ಎಂದು ಮುಂದಿನ ಖೋಲಿಗೆ ಹೋದೆ. ಷವರನ್ನಂತೂ ಮುಟ್ಟಲೇ ಇಲ್ಲ. ಕೆಳಗೆ ಯಾರೂ ನಿಂತಿಲ್ಲದ ಷವರಿಗೆ ನೀರು ಯಾಕೆ? ಆವತ್ತು ನನಗೆ ತಪ್ಪು ಮಾಡಿದಂತೆ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ಪುಣ್ಯ ಮಾಡಿದಂತೆ ಅನ್ನಿಸಿತು. ಹಾಗೇ ವಾರ ವಾರವೂ ಪುಣ್ಯ ಮಾಡುತ್ತ ಹೋದೆ.

ಅಂತೂ ಅಂತಸ್ತು ತೆರೆದರು. ಮೊದಲು ಬಂದವರಲ್ಲಿ ಒಬ್ಬರು ನಿವೃತ್ತ ಮಾಸ್ತರರು, ಮೊಣಕಾಲಿನ ಆಪರೇಶನ್ನಿಗೆ. ಆಪರೇಶನ್ನಿಗೆ ಮುಂಚೆ ಷವರಿನ ಕೆಳಗೆ ಕುರ್ಚಿ ಹಾಕಿಕೊಂಡು ಹಾಡುತ್ತ ಸ್ನಾನ ಮಾಡಿದರಂತೆ. ಕಾಲು ಚೆನ್ನಾಗಿ ಕೂಡಿತು, ಆದರೆ ಕೆಲವು ದಿನದಲ್ಲಿ ಜ್ವರ, ಕೆಮ್ಮು, ಉಸಿರಿಗೆ ಒದ್ದಾಟ — ಐಸಿಯುಗೆ ಒಯ್ದರು. ಆ ಷವರಿನ ನೀರು ನನ್ನ ಮೇಜಿಗೆ ಬಂತು. ಬ್ಯಾಕ್ಟೀರಿಯಾ ಬೆಳೆಸುವ ಕಪ್ಪು ತಟ್ಟೆಯಲ್ಲಿ ಅದರೊಳಗಿದ್ದದ್ದನ್ನು ನಾನೇ ಬೆಳೆಸಿದೆ. ದಿನಗಳು ಕಳೆದು ಮುಚ್ಚಳ ತೆಗೆದಾಗ ಕಪ್ಪಿನ ಮೇಲೆ ಬೂದುಬಿಳಿ ಚುಕ್ಕೆ, ಚುಕ್ಕೆ, ಚುಕ್ಕೆ — ಲೀಜನೆಲ್ಲಾ.

ಹೇಳಲು ನಾಚಿಕೆಯಾಗುತ್ತದೆ — ಮೊದಲು ನನಗೆ ಖುಷಿಯಾಯಿತು. ಪುಸ್ತಕದಲ್ಲಿ ಮಾತ್ರ ನೋಡಿದ್ದನ್ನು ನನ್ನ ಕೈಯಾರೆ ಬೆಳೆಸಿದ್ದೆ. ಆಮೇಲೆ ನನ್ನ ಕೈಯನ್ನೇ ನೋಡಿಕೊಂಡೆ. ಕೈಯಾರೆ. ಹೌದು, ಎರಡು ಸಲ ಬೆಳೆಸಿದ್ದೆ.

ಸಭೆ ಕರೆದರು. ಸೋಂಕು ನಿಯಂತ್ರಣದ ಮುಖ್ಯಸ್ಥರು ಒಬ್ಬ ಡಾಕ್ಟರ್ ಮೇಡಂ, ಕಡಕ್ಕಾದರೂ ನ್ಯಾಯವಂತರು. ಮೊದಲು ನನ್ನನ್ನೇ ಕೇಳಿದರು: "ರೇಣುಕಾ, ಖಾಲಿ ಖೋಲಿಗಳಲ್ಲಿ ನೀರು ಹರಿಯಬಿಡುತ್ತಿದ್ದೆಯಲ್ಲ?"

"ಹೌದು ಮೇಡಂ. ಪ್ರತಿ ವಾರ."

ಅಷ್ಟೇ ಮಾತು. ಅವರು ಎರಡನೇ ಸಲ ಕೇಳಲಿಲ್ಲ. ಆಮೇಲೆ ಮಲ್ಲಣ್ಣನ ಕಡೆ ತಿರುಗಿದರು. ಚೆನ್ನಾಗಿ ಕಾದ ನೀರಿನಲ್ಲಿ ಆ ಬ್ಯಾಕ್ಟೀರಿಯಾ ಬದುಕುವುದಿಲ್ಲ; ಅಂತಸ್ತು ತೆರೆಯುವ ಮೊದಲೇ ನೀರಿನ ಹೀಟರು ಹಚ್ಚುವುದು ಅವನ ಕೆಲಸ. ಯಾವಾಗ ಹಚ್ಚಿದೆ? ಅವನಿಗೆ ಸುಳ್ಳು ಹೇಳಲು ದಾರಿಯಿತ್ತು, ಯಾರೂ ನೋಡಿರಲಿಲ್ಲ. ತಲೆ ಕೆರೆದುಕೊಂಡು, "ಎರಡು ದಿನ ತಡ ಆತ್ರೀ ಮೇಡಂ" ಅಂದ. ಹೀಟರು ತಡವಾದದ್ದು ನಿಜ. ಆದರೆ ಆ ಜೀವಿ ಎರಡು ದಿನದಲ್ಲಿ ಸಂಸಾರ ಹೂಡಿದ್ದಲ್ಲ. ಅದು ಆ ಕೋಣೆಯಲ್ಲಿ ಸರಿಯಾಗಿ ಗೊತ್ತಿದ್ದದ್ದು ನನಗೆ. ಹೇಳಬೇಕಾದ ಮಾತಿಗೆ ಅಪ್ಪನ ಪೇಢೆ, ಕ್ರೇನಿನವನ ಬಾಯಿ, ಹುಳದ ಡಿಗ್ರಿ — ಇಷ್ಟೆಲ್ಲ ಅಡ್ಡ ನಿಂತಿತ್ತು. ನಾನು ಬಾಯಿ ತೆಗೆಯಲಿಲ್ಲ.

ಗುತ್ತಿಗೆಯ ಮೇಲಿದ್ದವನು, ತೆಗೆದುಹಾಕುವುದು ಸುಲಭವಾಯಿತು. ಹೋಗುವ ದಿನ ಪ್ರಯೋಗಾಲಯಕ್ಕೆ ಬಂದು ಬಾಗಿಲಲ್ಲಿ ತಲೆ ಹಾಕಿದ. ನನ್ನ ಕಣ್ಣು ತುಂಬಿತು. ಅದನ್ನು ನೋಡಿ, ಕೆಲಸ ಹುಡುಕಿ ಬಾರಾಮತಿಗೆ ಹೊರಟಿದ್ದ ಅವನೇ ಸಮಾಧಾನ ಹೇಳಿದ, "ಅಳಬ್ಯಾಡ ತಂಗಿ. ಬಾರಾಮತ್ಯಾಗ ನಳ ಸೋರೂದಿಲ್ಲೇನು?"

ಮಾಸ್ತರರು ಮಲಗಿದ್ದು ಬಹಳ ದಿನ, ಕೊನೆಗೆ ಎದ್ದರು. ಎದ್ದು, ಕೋಲು ಊರಿಕೊಂಡು ಬಂದು, ಪ್ರಯೋಗಾಲಯಕ್ಕೂ ಅಂಜೂರದ ಬುಟ್ಟಿ ಕೊಟ್ಟು ಹೋದರು. ರೋಗ ಪತ್ತೆ ಮಾಡಿದ ಹುಡುಗಿಗೆ ಅಂತ. ಎಲ್ಲರೂ ತಿಂದರು. ನಾನೂ ತಿಂದೆ — ತಿನ್ನದಿದ್ದರೆ ಯಾಕೆ ಎಂದು ಕೇಳುತ್ತಾರಲ್ಲ. ಅದಾದ ಮೇಲೆ ಆ ಹಣ್ಣು ನನಗೆ ಸೇರಿಲ್ಲ.

ಮಲ್ಲಣ್ಣ ಬಾರಾಮತಿಯ ಒಂದು ಹಾಲಿನ ಡೇರಿಯಲ್ಲಿ ಪೈಪಿನ ಕೆಲಸಕ್ಕೆ ಸೇರಿದ. ಹೆಂಡತಿ, ಮಗಳು ಸುವರ್ಣಾ ಸಾಸವಡದ ಮನೆಯಲ್ಲೇ ಉಳಿದರು. ಅವನಿಗೆ ಅಲ್ಲಿ ಒಳ್ಳೆಯದೇ ಆಯಿತು ಎಂದು ಕೇಳಿದೆ. ಕೇಳಿ, ಅಂದಮೇಲೆ ಏನೂ ಕೆಟ್ಟದ್ದಾಗಲಿಲ್ಲ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ವರ್ಷಗಟ್ಟಲೆ ಹೇಳಿಕೊಂಡೆ. ಈ ನಡುವೆ ನಳಕ್ಕೂ ಷವರಿಗೂ ಸರಿಯಾಗಿ ನೀರು ಬಿಡುತ್ತಿದ್ದೆ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು.

ಕೆಲವು ವಾರಗಳ ಹಿಂದೆ ಅವನ ಫೋನ್ ಬಂತು. "ಗ್ರ್ಯಾಜುಯೇಟ್ ಬಾಯಿ, ನಮ್ಮ ಸುವರ್ಣಾನೂ ನಿನ್ನ ಸಾಲಿಗೆ ಬಂದಳವ್ವ. ಡಿಗ್ರಿ ಆತು. ನಿಂದೇ ಹುಳದ ಡಿಗ್ರಿ. ಐತವಾರ ಊಟಕ್ಕ ಬಾ, ಅವ್ವನ್ನೂ ಕರಕೊಂಡು ಬಾ." ಹೋಗದೆ ಇರಲು ಹತ್ತು ನೆಪ ಹುಡುಕಿದೆ. ಅವ್ವ ಆಗಲೇ ಸೀರೆ ಉಟ್ಟು ಕೂತಿದ್ದಳು.

ಅಂಗಳದಲ್ಲಿ ಚಪ್ಪರ. ಹೋಳಿಗೆ, ಕಟ್ಟಿನ ಸಾರು, ಬಿಸಿ ಭಜಿ. ಅರ್ಧ ಮಂದಿ ಮರಾಠಿ, ಅರ್ಧ ಕನ್ನಡ, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಮಲ್ಲಣ್ಣ ಸ್ವಲ್ಪ ದಪ್ಪಗಾಗಿದ್ದ, ಮೀಸೆ ಬೆಳ್ಳಗಾಗಿತ್ತು. ನನ್ನನ್ನು ಎಳೆದು ಮುಂದಿನ ಕುರ್ಚಿಯಲ್ಲಿ ಕೂಡಿಸಿ ಎಲ್ಲರಿಗೂ ಹೇಳಿದ: "ಸುವರ್ಣಾಗ ನಾ ದಿನಾ ಈಕಿ ಹೆಸರೇ ಹೇಳ್ತಿದ್ದೆ. ಇಟ್ಟಂಗಿ ಹೊರೋರ ಮಗಳು, ಹೆಂಗ ಕಲತಾಳ ನೋಡು ಅಂತ. ಮತ್ತ ಇನ್ನೊಂದು ಹೇಳ್ತೀನಿ — ದವಾಖಾನಿಯೊಳಗ ಎಲ್ಲಾರೂ ನನ್ನ ಮ್ಯಾಲೆ ಬಿದ್ದಾಗ ನನ್ನ ಸಲುವಾಗಿ ಕಣ್ಣೀರು ಹಾಕಿದಾಕಿ ಈಕಿ ಒಬ್ಬಾಕಿ."

ಮಂದಿ ಚಪ್ಪಾಳೆ ಹೊಡೆದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು — ಆ ಕುರ್ಚಿಯ ಮೇಲೆ ಹೇಗೆ ಕೂತಿದ್ದೆನೋ.

ಅಷ್ಟರಲ್ಲಿ ಸುವರ್ಣಾ ಬಂದಳು. ಹೊಸ ಸೀರೆ, ಕೈಯಲ್ಲಿ ಭಜಿಯ ತಾಟು, ನನಗಿಂತ ಎತ್ತರ. ಬಾರಾಮತಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಸೋಮವಾರದಿಂದ ಹೋಗುತ್ತೇನೆ, ನೀರಿನ ತಪಾಸಣೆಯೂ ನನ್ನದೇ ಅಂತೆ ಅಕ್ಕಾ, ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಹೇಳುತ್ತಿರುವಾಗಲೇ ಅವಳ ಕಣ್ಣು ಅಂಗಳದ ಮೂಲೆಗೆ ಹೋಯಿತು. ಯಾರೋ ಕೈತೊಳೆದು ನಳ ಹಾಗೇ ಬಿಟ್ಟು ಹೋಗಿದ್ದರು. ಮಾತು ಅರ್ಧಕ್ಕೇ ಬಿಟ್ಟು ಓಡಿದಳು. ತಾಟು ಕೆಳಗಿಡಲಿಕ್ಕೂ ತಾಳ್ಮೆಯಿಲ್ಲದೆ ಮೊಣಕೈಯಿಂದ ನಳ ತಿರುವಿ ಬಂದ್ ಮಾಡಿದಳು.

"ಸುಮ್ಮಸುಮ್ಮನ ಹೊಂಟದ ನೋಡ್ರಿ ನೀರು," ಅಂದಳು.

ಅವ್ವ ನನ್ನ ಪಕ್ಕದಲ್ಲಿ, "ಶಾಣ್ಯಾ ಹುಡುಗಿ" ಅಂದಳು.

ಅದೇ ಕೈ. ಅವ್ವನ ಕೈ, ನನ್ನ ಕೈ. ಅದು ಸೋಮವಾರ ಆಸ್ಪತ್ರೆಗೆ ಹೊರಟಿತ್ತು.

ಮಲ್ಲಣ್ಣ ಹಿತ್ತಲಲ್ಲಿ ನೀರಿನ ಪಿಪಾಯಿಯ ನಳದಿಂದ ತಂಬಿಗೆಗಳಿಗೆ ನೀರು ತುಂಬುತ್ತಿದ್ದ. ಹೋಗಿ ಅವನ ಎದುರು ನಿಂತೆ. ಎಲ್ಲಿಂದ ಶುರುಮಾಡುವುದು ಎಂದು ಯೋಚಿಸಿದ್ದರೆ ಇವತ್ತಿಗೂ ಹೇಳುತ್ತಿರಲಿಲ್ಲ. "ಮಲ್ಲಣ್ಣಾ, ಆ ಷವರಿಗೆ ನಾ ನೀರು ಬಿಟ್ಟಿರಲಿಲ್ಲ," ಅಂದೆ.

ಅವನಿಗೆ ತಕ್ಷಣ ತಿಳಿಯಿತು. ಯಾವ ಷವರು ಎಂದು ಕೇಳಲಿಲ್ಲ.

"ಒಂದು ಸಲಾನೂ?"

"ಒಂದು ಸಲಾನೂ ಇಲ್ಲ."

ತಂಬಿಗೆ ತುಂಬಿ ಹೊರಗೆ ಚೆಲ್ಲುತ್ತಿತ್ತು. ಇಬ್ಬರೂ ಅದನ್ನು ನೋಡುತ್ತ ನಿಂತೆವು. ಆಮೇಲೆ ಮೆಲ್ಲಗೆ ಹೇಳಿದ, "ನಾ ಆಳಸಿ ಅಂತ ಎಲ್ಲಾರಿಗೂ ಗೊತ್ತಿತ್ತು. ನೀ ಶಾಣ್ಯಾಕಿ ಅಂತ ಎಲ್ಲಾರಿಗೂ ಗೊತ್ತಿತ್ತು. ಇಷ್ಟರಾಗೇ ತೀರ್ಪು ಆಗಿ ಹೋತು, ಅಲ್ಲ?" ತಂಬಿಗೆ ಬದಿಗಿಟ್ಟು, "ಆ ವರ್ಷ ಸುವರ್ಣಾಂದು ಹತ್ತನೇ ಪರೀಕ್ಷಾ. ನಾ ಮನ್ಯಾಗ ಇರಲಿಲ್ಲ," ಅಂದ.

ನಾನು ಕ್ಷಮಿಸು ಎನ್ನಲು ಬಾಯಿ ತೆಗೆದೆ. ಅವನು ಕೈ ಅಡ್ಡ ಮಾಡಿದ. "ಅದೆಲ್ಲ ಆಮ್ಯಾಗ. ಮೊದಲ ಇದನ್ನ ನನ್ನ ಮಗಳ ಮುಂದ ನೀನೇ ಹೇಳು, ನಾ ಹೇಳಂಗಿಲ್ಲ. ಆಮ್ಯಾಗ ಅಲ್ಲಿ ಹೇಳು, ನನ್ನ ಕಡೀ ಕುರ್ಚಿ ಮ್ಯಾಲೆ ಕುಂಡರಿಸಿದ್ರಲ್ಲ, ಆ ಕೋಣ್ಯಾಗ." ಒಂದೆರಡು ಹೆಜ್ಜೆ ಹೋಗಿ ತಿರುಗಿದ. "ಅದಕ್ಕೂ ಮೊದಲ ಹೋಳಿಗಿ ತಿನ್ನು. ಆರಿದ್ರ ನನ್ನ ಹೆಂಡತಿ ಇಬ್ಬರನ್ನೂ ಬಿಡಂಗಿಲ್ಲ."

ತಿಂದೆ. ಇನ್ನೊಂದು ಹಾಕಿಸಿಕೊಂಡೆ.

ಸುವರ್ಣಾಗೆ ಅದೇ ನಳದ ಹತ್ತಿರ ನಿಂತು ಹೇಳಿದೆ. ಮೊದಲು ನನ್ನನ್ನು ನೋಡಿದಳು, ಆಮೇಲೆ ತನ್ನ ಮೊಣಕೈಯನ್ನು. ಅವಳ ಮುಖದಲ್ಲಿದ್ದ ಆ ಅಕ್ಕ — ದಿನಾ ಹೆಸರು ಹೇಳಿಸಿಕೊಂಡಿದ್ದ ಅಕ್ಕ — ಕೆಳಗಿಳಿಯುವುದು ನನಗೆ ಕಂಡಿತು. ಇಳಿಯಲಿ. ಕೊನೆಗೆ ಅವಳು ಕೇಳಿದ್ದು ಒಂದೇ: "ಐದು ನಿಮಿಷ ಹೆಂಗ ನೋಡ್ಕೋತ ನಿಂದರೂದ್ರಿ ಅಕ್ಕಾ?"

"ಕಷ್ಟ ಅದ," ಅಂದೆ. ಅಷ್ಟು ಮಾತ್ರ ನನಗೆ ಗೊತ್ತಿದ್ದ ನಿಜ.

ಆ ವಾರವೇ ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಯ ಸಭೆಯಲ್ಲಿ ಎದ್ದು ನಿಂತೆ. ಹೇಳಿದೆ. ಅವ್ವನ ಟ್ಯಾಂಕರ್ ಕಥೆ ಹೇಳಲಿಲ್ಲ. ಅದು ಕಾರಣವಿರಬಹುದು, ಆದರೆ ನಾನು ಓದಿದವಳು, ನನಗೆ ತಿಳಿದಿತ್ತು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನನ್ನು ಸಮಿತಿಯಿಂದ ತೆಗೆದರು, ಅದು ನ್ಯಾಯವೇ. ನೀರಿನ ಕೆಲಸ ಮಾತ್ರ ನನಗೇ ಇರಲಿ ಎಂದು ಬೇಡಿಕೊಂಡೆ. ಜೊತೆಗೆ ಇನ್ನೊಬ್ಬರು ನಿಂತು ನೋಡಬೇಕು ಎಂಬ ಷರತ್ತಿನ ಮೇಲೆ ಕೊಟ್ಟರು. ಆಮೇಲೆ ಮೇಡಂ ಎಲ್ಲರ ಮುಂದೆಯೇ ಮಲ್ಲಣ್ಣನಿಗೆ ಫೋನ್ ಮಾಡಿ, ನಮ್ಮದು ತಪ್ಪಾಯಿತು, ಒಂದು ಸಲ ಬಂದು ಹೋಗು, ಇದೇ ಕೋಣೆಯಲ್ಲಿ ನಿನಗೆ ಹೇಳಬೇಕು ಅಂದರು. ಸ್ಪೀಕರಿನಲ್ಲಿ ಅವನ ದನಿ ಬಂತು:

"ಬರ್ತೀನ್ರೀ ಮೇಡಂ. ಉದ್ಯಾ."

ಇಡೀ ಕೋಣೆ ನಕ್ಕಿತು. ಮೇಡಂ ಕೂಡ ನಕ್ಕರು. ಅವನು ಇನ್ನೂ ಬಂದಿಲ್ಲ.

ಮಾಸ್ತರರ ಮನೆಗೂ ಹೋದೆ. ಅವರ ಹೆಂಡತಿ ಚಹಾ ಇಡಲಿಲ್ಲ, ಇಡಬಾರದು ಕೂಡ. ಮಾಸ್ತರರು ಪೂರಾ ಕೇಳಿ, ಈಗಲೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದಷ್ಟೇ ಹೇಳಿದರು. ಆ ಉಸಿರನ್ನು ನಾನು ಹಿಂದಕ್ಕೆ ಕೊಡಲಾರೆ. ಸುವರ್ಣಾಳ ಹತ್ತನೇ ಪರೀಕ್ಷೆಯ ದಿನಗಳಿಗೆ ಅವಳ ಅಪ್ಪನನ್ನೂ ಕೊಡಲಾರೆ. ಮಲ್ಲಣ್ಣ ಕ್ಷಮಿಸಿದ್ದಾನೋ ಇಲ್ಲವೋ — ಆಮ್ಯಾಗ ಅಂದಿದ್ದಾನೆ. ಅವನ ಆಮ್ಯಾಗ ಎಷ್ಟು ದೂರ ಎಂದು ನನಗೆ ಗೊತ್ತು. ಕಾಯುತ್ತೇನೆ.

ಅವ್ವನಿಗೆ ಎಲ್ಲ ಹೇಳಿದ್ದೇನೆ. ಅವಳಿಗೆ ಒಂದು ಮಾತು ಮಾತ್ರ ಇನ್ನೂ ಒಪ್ಪಿಗೆಯಾಗಿಲ್ಲ: "ಕೆಳಗ ಒಂದು ಬಕೀಟರೆ ಇಡಬಾರದೇನ?"

ವಾರಕ್ಕೊಮ್ಮೆ ಬಾರಾಮತಿಯಿಂದ ಫೋನ್ ಬರುತ್ತದೆ. "ಅಕ್ಕಾ, ಇವತ್ತು ಕೈ ಹೋತೇನ್ರಿ?" ಎಂದು ಸುವರ್ಣಾ ಕೇಳುತ್ತಾಳೆ. "ಹೋತು," ಎನ್ನುತ್ತೇನೆ. "ನಂದೂ," ಎನ್ನುತ್ತಾಳೆ. ಇಬ್ಬರೂ ನಗುತ್ತೇವೆ.

ಮುಂದಿನ ವಾರ ಮತ್ತೆ ಖಾಲಿ ಖೋಲಿಗೆ ಹೋಗಿ, ಯಾರೂ ನಿಂತಿಲ್ಲದ ಷವರು ಪೂರಾ ತೆರೆದು, ತುಂತುರು ತಾಗದಂತೆ ಬಾಗಿಲ ಹೊರಗೆ ನಿಲ್ಲುತ್ತೇನೆ. ನೀರು ಹರಿಯುತ್ತದೆ. ಕೈ ಎದ್ದು ಬರುತ್ತದೆ. ಹಿಡಿದುಕೊಳ್ಳುತ್ತೇನೆ.